ನೋಟ್‌ಬುಕ್ ಪೂರ್ತಿಯಾಗಿದೆ, ಪಾಠ ಬಂದಿಲ್ಲ

ಜಮಖಂಡಿಯಿಂದ ತಮ್ಮನ ಮಗಳು ಬಂದಿದ್ದಾಳೆ, ಈ ವರ್ಷ ಹತ್ತನೇ ತರಗತಿ. ನಿನ್ನೆ ಸಂಜೆ ಅವಳ ವಿಜ್ಞಾನದ ನೋಟ್‌ಬುಕ್ ತಿರುವಿ ಹಾಕಿದ ಮೇಲೆ ನನಗೆ ಊಟ ರುಚಿಸಲಿಲ್ಲ. ಖಾಕಿ ಹೊದಿಕೆ, ಅಂಚಿಗೆ ಗೆರೆ, ಪ್ರಶ್ನೆಗೆ ಕಪ್ಪು ಮಸಿ, ಉತ್ತರಕ್ಕೆ ನೀಲಿ ಮಸಿ, ದುಂಡನೆಯ ಅಕ್ಷರ. ರಕ್ತ ಪರಿಚಲನೆಯ ಪ್ರಶ್ನೆಗೆ ಅವಳು ಬರೆದ ಉತ್ತರ ಹೀಗಿದೆ: ‘ಬಲ ಹೃತ್ಕುಕ್ಷಿಯು ಸಂಕುಚಿಸಿದಾಗ ರಕ್ತವು ಮಹಾಪಧಮನಿಯ ಮೂಲಕ ದೇಹದ ಎಲ್ಲ ಭಾಗಗಳಿಗೆ ಹರಿಯುತ್ತದೆ.’ ಗೈಡ್ ತರಿಸಿ ನೋಡಿದೆ. ಅಲ್ಲಿ ‘ಸಂಕುಚಿಸಿದಾಗ ರಕ್ತವು’ ಎಂಬ ಮಾತು ಎರಡು ಸಾಲುಗಳಲ್ಲಿ ಬಂದಿದೆ, ಮೊದಲು ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುವ ಬಲ ಹೃತ್ಕುಕ್ಷಿಗೆ, ಆಮೇಲೆ ದೇಹಕ್ಕೆ ಕಳಿಸುವ ಎಡ ಹೃತ್ಕುಕ್ಷಿಗೆ. ನಕಲು ಮಾಡುವಾಗ ಹುಡುಗಿಯ ಕಣ್ಣು ಮೇಲಿನ ಸಾಲಿನಿಂದ ಕೆಳಗಿನದಕ್ಕೆ ಜಾರಿದೆ, ನಡುವೆ ಇದ್ದ ಶ್ವಾಸಕೋಶ ಮಾಯವಾಗಿದೆ. ಅದರ ಮೇಲೆಯೇ ಕೆಂಪು ಮಸಿಯ ರೈಟ್ ಗುರುತು, ಪಕ್ಕದಲ್ಲಿ ‘ಉತ್ತಮ’, ಕೆಳಗೆ ಸಹಿ ಮತ್ತು ದಿನಾಂಕ.

‘ಯವ್ವಾ, ಇದರಾಗ ಶ್ವಾಸಕೋಶ ಎಲ್ಲಿ ಐತಿ?’ ಎಂದು ಕೇಳಿದೆ.

‘ದೊಡ್ಡಪ್ಪಾ, ಅದನ್ನ ಇನ್ನಾ ಓದಿಲ್ಲ, ಬರದೀನಿ ಅಷ್ಟ’ ಎಂದಳು.

ಅವಳ ಮೇಲೆ ನನಗೆ ಸಿಟ್ಟಿಲ್ಲ, ಏಕೆಂದರೆ ಅವಳು ಹೇಳಿದ್ದು ಸತ್ಯ. ನಮ್ಮ ಶಾಲೆಗಳಲ್ಲಿ ಬರೆಯುವುದು ಬೇರೆ ಕೆಲಸ, ಕಲಿಯುವುದು ಬೇರೆ ಕೆಲಸ ಎಂದು ಮಕ್ಕಳಿಗೆ ಎಂದೋ ತಿಳಿದುಹೋಗಿದೆ, ತಿಳಿಯದೆ ಉಳಿದವರು ನಾವು. ಮಾಸ್ತರರು ಗೈಡಿನಿಂದ ಓದಿ ಹೇಳುತ್ತಾರೆ ಅಥವಾ ಕಪ್ಪು ಹಲಗೆಗೆ ಇಳಿಸುತ್ತಾರೆ, ಮಕ್ಕಳು ಹಲಗೆಯಿಂದ ನೋಟ್‌ಬುಕ್ಕಿಗೆ ಇಳಿಸುತ್ತಾರೆ, ಶನಿವಾರ ನೋಟ್‌ಬುಕ್‌ಗಳ ಗಂಟು ಸ್ಟಾಫ್ ರೂಮಿಗೆ ಬರುತ್ತದೆ, ಸೋಮವಾರ ಸಹಿಯಾಗಿ ಮರಳುತ್ತದೆ. ಈ ಇಡೀ ಸಾಗಾಣಿಕೆಯಲ್ಲಿ ಪಾಠ ಯಾರ ತಲೆಯೊಳಗೂ ಇಳಿಯಬೇಕಾದ ಅಗತ್ಯವೇ ಬೀಳುವುದಿಲ್ಲ. ಮಾಸ್ತರಿಕೆಯಿಂದ ನಿವೃತ್ತನಾದ ಬಳಿಕ ಏನನ್ನು ಕಳೆದುಕೊಂಡಿರೆಂದು ಹಲವರು ಕೇಳುತ್ತಾರೆ. ತರಗತಿಯ ಮಕ್ಕಳನ್ನು ಕಳೆದುಕೊಂಡೆ. ಆ ಗಂಟುಗಳನ್ನು ಕಳೆದುಕೊಂಡ ಸಂತೋಷವನ್ನು ಮಾತ್ರ ಇಂದಿಗೂ ಮುಚ್ಚಿಡಲಾರೆ.

ಪುಸ್ತಕ ತೆರೆದಿಟ್ಟುಕೊಂಡು ಎಷ್ಟು ಸಲ ಓದಿದರೂ, ಎಷ್ಟು ಪುಟ ಬರೆದರೂ, ಅದು ನೆನಪಿನಲ್ಲಿ ಉಳಿಯುವುದು ಕಡಿಮೆ. ಪುಸ್ತಕ ಮುಚ್ಚಿ ನೆನಪಿನಿಂದ ಹೊರಗೆಳೆದದ್ದು ಉಳಿಯುತ್ತದೆ. ಇದು ನನ್ನ ಹಟವಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಕೊಟ್ಟು, ಕೆಲವರಿಗೆ ಅದನ್ನು ಮತ್ತೆ ಓದಿಸಿದರು, ಉಳಿದವರಿಂದ ಓದಿದ್ದನ್ನು ನೋಡದೆ ಬರೆಸಿದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತು: ನೋಡದೆ ಬರೆದವರಿಗೆ ಶೇ. 56ರಷ್ಟು ನೆನಪಿದ್ದರೆ, ಮತ್ತೆ ಓದಿದವರಿಗೆ ಶೇ. 42ರಷ್ಟು ಮಾತ್ರ. ನಮ್ಮನ್ನು ಮೋಸಗೊಳಿಸುವುದು ಆ ಮೊದಲ ಐದು ನಿಮಿಷ. ಓದಿದ ತಕ್ಷಣ ‘ಎಲ್ಲಾ ಬಂತು’ ಅನ್ನಿಸುತ್ತದೆ. ಅವ್ವ ರೊಟ್ಟಿ ಬಡಿಯುವುದನ್ನು ಎದುರಿಗೆ ಕುಳಿತು ನೋಡಿದವರಿಗೂ ಹಾಗೆಯೇ ಅನ್ನಿಸುತ್ತದೆ. ಹಿಟ್ಟು ಕೈಗೆ ಬಂದಾಗಲೇ ಅಂಚು ಹರಿಯುವುದು.

ಇಷ್ಟು ಹೇಳಿದರೆ ಸ್ನೇಹಿತರಾದ ಹಾಲಿ ಶಿಕ್ಷಕರು ಮೈಮೇಲೆ ಬರುತ್ತಾರೆಂದು ಗೊತ್ತು. ‘ಸರ, ಅರವತ್ತು ಮಕ್ಕಳ ತರಗತಿ, ಬಿ.ಇ.ಓ. ಸಾಹೇಬರು ಬಂದರೆ ಮೊದಲು ಕೇಳುವುದೇ ನೋಟ್‌ಬುಕ್, ಆಂತರಿಕ ಅಂಕಗಳಿಗೆ ದಾಖಲೆ ಬೇಕು’ ಎನ್ನುತ್ತಾರೆ. ಒಪ್ಪಿದೆ. ಆದರೆ ದಾಖಲೆ ಸಾಹೇಬರಿಗೆ ಬೇಕು, ಮಗುವಿಗೆ ಬೇಕಾದದ್ದು ಪಾಠ. ಎರಡನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಕೊಡಲು ಬರುತ್ತದೆ, ಗೈಡ್ ಮುಚ್ಚಿಡುವ ಮನಸ್ಸಿದ್ದರೆ. ಪಾಠ ಮುಗಿದ ಮೇಲೆ ಕೊನೆಯ ಹತ್ತು ನಿಮಿಷ ಎಲ್ಲರೂ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ನೀಲಿ ಮಸಿಯಲ್ಲಿ ಬರೆಯಲಿ. ಆಮೇಲೆ ಪುಸ್ತಕ ತೆರೆದು, ಬಿಟ್ಟದ್ದನ್ನೂ ತಪ್ಪಿದ್ದನ್ನೂ ತಾವೇ ಕೆಂಪು ಮಸಿಯಲ್ಲಿ ತಿದ್ದಲಿ. ಇಂಥ ಪುಟವನ್ನು ನೋಡಲು ಶಿಕ್ಷಕರಿಗೆ ಅರ್ಧ ನಿಮಿಷ ಸಾಕು, ಏಕೆಂದರೆ ಕೆಂಪು ಎಲ್ಲಿ ಹೆಚ್ಚಿದೆಯೋ ಮರುದಿನದ ಪಾಠ ಅಲ್ಲಿಂದಲೇ ಶುರುವಾಗಬೇಕು. ನೋಟ್‌ಬುಕ್ ಕೊಳಕಾಗಿ ಕಾಣುತ್ತದೆಯೆ? ಕಾಣಲಿ ಬಿಡಿ.

ತರಗತಿಯ ಆರಂಭದಲ್ಲಿ ನಿನ್ನೆಯ ಪಾಠದಿಂದ ಮೂರು ಪ್ರಶ್ನೆ, ಕಳೆದ ತಿಂಗಳಿನದರಿಂದ ಎರಡು ಪ್ರಶ್ನೆ ಕೇಳಿ, ಅಂಕ ಬೇಡ. ಪ್ರಶ್ನೆ ಕೇಳಿದ ಮೇಲೆ ತುಸು ಸುಮ್ಮನಿದ್ದು, ನಂತರ ಹೆಸರು ಕೂಗಿ. ಹೆಸರು ಮೊದಲೇ ಕೂಗಿದರೆ ಆ ಒಬ್ಬನನ್ನು ಬಿಟ್ಟು ಉಳಿದವರೆಲ್ಲರ ಯೋಚನೆಗೆ ರಜೆ ಸಿಗುತ್ತದೆ. ಮೊದಲ ಬೆಂಚಿನಲ್ಲಿ ಸದಾ ಕೈ ಎತ್ತುವ ಹುಡುಗಿಯನ್ನೇ ಎಬ್ಬಿಸಿ ‘ತರಗತಿಗೆ ಅರ್ಥವಾಗಿದೆ’ ಎಂದು ಮುಂದಿನ ಪಾಠಕ್ಕೆ ಹೋಗುವ ಚಾಳಿಯ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಇಂದು ರಕ್ತದೊತ್ತಡ ಹೆಚ್ಚುವುದು ಬೇಡ.

ವಿದ್ಯಾರ್ಥಿಗಳಿಗೂ ಹೇಳುವುದು ಇದನ್ನೇ. ಗಣಿತದಲ್ಲಿ ಬಿಡಿಸಿಟ್ಟ ಉದಾಹರಣೆಯನ್ನು ಕೈಯಿಂದ ಮುಚ್ಚಿ ನೀವೇ ಬಿಡಿಸಿರಿ, ಸಿಕ್ಕಿಬಿದ್ದ ಹೆಜ್ಜೆಯನ್ನಷ್ಟೇ ನೋಡಿರಿ. ಒಂದೇ ಅಧ್ಯಾಯದ ಹತ್ತು ಲೆಕ್ಕಗಳನ್ನು ಸಾಲಾಗಿ ಮಾಡುವ ಬದಲು ಮೂರು ಅಧ್ಯಾಯಗಳ ಲೆಕ್ಕಗಳನ್ನು ಬೆರೆಸಿಕೊಳ್ಳಿರಿ, ಪರೀಕ್ಷೆಯಲ್ಲಿ ಯಾವ ಸೂತ್ರ ಹಚ್ಚಬೇಕೆಂದು ಯಾರೂ ಮೇಲೆ ಬರೆದಿರುವುದಿಲ್ಲ. ಇಂದು ಓದಿದ್ದನ್ನು ನಾಳೆ, ಒಂದು ವಾರ ಬಿಟ್ಟು, ಮತ್ತೆ ಒಂದು ತಿಂಗಳು ಬಿಟ್ಟು ನೋಡದೆ ಬರೆಯಿರಿ. ಕನಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆಂದು ಅಂದವಾಗಿ ಬರೆದ ಬಾಗಲಕೋಟೆಯ ಹುಡುಗನೇ ಖಾಲಿ ನಕ್ಷೆ ಕೊಟ್ಟರೆ ಆ ಸಂಗಮಕ್ಕೆ ಚುಕ್ಕೆ ಇಡಲಾರದೆ ಪೆನ್ನು ಕಚ್ಚುತ್ತಾನೆ. ಮನೆಯಿಂದ ಅರ್ಧ ದಿನದಲ್ಲಿ ಹೋಗಿ ಮಿಂದು ಬರುವ ಜಾಗ ಅದು!

ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ‘ಪಾಸಿಂಗ್ ಪ್ಯಾಕೇಜ್’ ಇದೆಯಲ್ಲ ಎನ್ನುವವರು 2024ರ ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ ಆ ವರ್ಷ, ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಕ್ಯಾಮೆರಾವನ್ನು ಬೈದವರು ಬಹಳ ಮಂದಿ. ವರ್ಷವಿಡೀ ನೋಡಿ ಬರೆಯುವುದನ್ನೇ ರೂಢಿ ಮಾಡಿಸಿ, ಮೂರು ತಾಸು ನೋಡದೆ ಬರೆಯಿರಿ ಎಂದು ಕೂರಿಸಿದರೆ ಮಕ್ಕಳು ಏನು ಮಾಡಬೇಕೆಂದು ಕೇಳಿದವರು ನನಗೆ ಹೆಚ್ಚು ಸಿಗಲಿಲ್ಲ.

ಇದನ್ನೆಲ್ಲ ಓದಿದ ಮೇಲೂ ‘ಸರ, ಹತ್ತನೇತ್ತಾ ವಿಜ್ಞಾನದ ನೋಟ್ಸ್ ಪಿ.ಡಿ.ಎಫ್. ಇದ್ದರ ಕಳಸ್ರಿ’ ಎಂದು ಇನ್‌ಬಾಕ್ಸಿಗೆ ಬರುವವರು ಇದ್ದೇ ಇರುತ್ತಾರೆ. ನನ್ನ ಬಳಿ ಇಲ್ಲ, ಇದ್ದರೂ ಕಳಿಸುವುದಿಲ್ಲ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಠ್ಯಪುಸ್ತಕವೇ ಉಚಿತವಾಗಿ ಸಿಗುತ್ತದೆ, ಅದನ್ನು ಇಳಿಸಿಕೊಳ್ಳಿರಿ.