ಮುಂಬೈ ನನ್ನನ್ನು ನೋಯಿಸಿತು

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನ ಸ್ಲೀಪರ್ ಬೋಗಿಯಲ್ಲಿ ಸುಮಾರು 24 ಗಂಟೆ ಕುಳಿತು ಮುಂಬೈಗೆ ಹೋದದ್ದು ಮುಖ್ಯವಾಗಿ ಎಲಿಫೆಂಟಾ ದ್ವೀಪದ ಗುಹೆಗಳಿಗಾಗಿ. ಸುಮಾರು 6 ಮೀಟರ್ ಎತ್ತರದ ಅಲ್ಲಿನ ಆ ಮೂರು ಮುಖದ ಸದಾಶಿವನ ಶಿಲ್ಪವನ್ನು ಕಣ್ಣಾರೆ ನೋಡಬೇಕೆಂಬುದು ಶಾಲೆಯ ದಿನಗಳ ಆಸೆ. ಸೋಮವಾರ ಬೆಳಿಗ್ಗೆ ದೋಣಿಗಳು ಹೊರಡುವ ಗೇಟ್‌ವೇ ಆಫ್ ಇಂಡಿಯಾ ಬಳಿ ಒಬ್ಬ ದಲ್ಲಾಳಿಯನ್ನು ಕೇಳಿದೆ. ‘ದ್ವೀಪದ ಕಡೆಗೇ ಹೋಗುತ್ತದೆ’ ಎಂದು ಹಣ ಪಡೆದು ದೋಣಿ ಹತ್ತಿಸಿದ. ಅರ್ಧ ಗಂಟೆ ಬಂದರಿನಲ್ಲೇ ಸುತ್ತಿಸಿ ಅದೇ ಮೆಟ್ಟಿಲಿಗೆ ತಂದು ಇಳಿಸಿದರು. ಸೋಮವಾರ ಗುಹೆಗಳಿಗೆ ರಜೆ! ಹಣ ತೆಗೆದುಕೊಳ್ಳುವ ಮುನ್ನ ಆ ಒಂದು ಮಾತು ಹೇಳಲು ಅವನ ನಾಲಿಗೆಗೆ ಏನಾಗಿತ್ತು?

ವಸತಿಯ ಕಥೆಯೂ ಅದೇ. ಫೋನಿನಲ್ಲಿ 800 ರೂಪಾಯಿ ಎಂದವರು ರಾತ್ರಿ ಒಂಬತ್ತಕ್ಕೆ ಬೆನ್ನಿಗೆ ಚೀಲ ಹೊತ್ತು ನಿಂತವನನ್ನು ಕಂಡು 1,500 ಎಂದರು. ಕೊಟ್ಟದ್ದು ಪ್ಲೈವುಡ್ ಗೋಡೆಯ, ಕಿಟಕಿಯೇ ಇಲ್ಲದ ಗೂಡು. ಪಕ್ಕದವರ ಕೆಮ್ಮು ನನ್ನ ದಿಂಬಿನಲ್ಲೇ ಕೇಳಿಸುತ್ತಿತ್ತು.

ಐದು ರೂಪಾಯಿಗೆ ಹತ್ತಿದ ಲೋಕಲ್ ರೈಲು ಮಾತ್ರ ಮೋಸ ಮಾಡಲಿಲ್ಲ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಕನ್ನಡ ಕಿವಿಗೆ ಬಿದ್ದಾಗ ಗಂಟಲು ಕಟ್ಟಿತು. ನಾಲ್ಕು ತಿಂಗಳು ಟ್ಯೂಷನ್ ಹೇಳಿ ಕೂಡಿಸಿದ ಹಣ ಅದು. ಸದಾಶಿವನನ್ನು ನೋಡದೆಯೇ ಮುಗಿದುಹೋಯಿತು.