ಅವರೆಲ್ಲ ಒಂದೇ ಅಂತೆ!

ನಿನ್ನೆ ರಾತ್ರಿ ಟಿವಿ ಚರ್ಚೆ ನೋಡಿ ತಲೆ ಕೆಟ್ಟು ಹೋಗಿದೆ. ಆರು ಜನ ಕೂತು ಕಿರುಚಿದ್ದೇ ಕಿರುಚಿದ್ದು. "ಇಡೀ ಇಸ್ಲಾಮಿಕ್ ಜಗತ್ತು ಒಂದಾಗ್ತಿದೆ!" ಒಬ್ಬರಿಗೆ ಅದು ಭಯ, ಇನ್ನೊಬ್ಬರಿಗೆ ಹೆಮ್ಮೆ. ಅಷ್ಟೇ ವ್ಯತ್ಯಾಸ.

ಎಲ್ಲಿ ಒಂದಾಗಿದೆ ಮಾರಾಯ್ರೆ?

ನಾವು ಕತಾರ್ ರಾಜಧಾನಿ ದೋಹಾದಲ್ಲಿದ್ದ ಕಾಲ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2017ರ ಜೂನ್ 5, ರಂಜಾನ್ ಉಪವಾಸದ ದಿನಗಳು. ಬೆಳಿಗ್ಗೆ ಎದ್ದರೆ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ನಾಲ್ಕೂ ಕತಾರ್ ಜೊತೆ ಸಂಬಂಧ ಕಡಿದುಕೊಂಡಿದ್ದವು. ಕತಾರ್‌ಗೆ ನೆಲದ ಗಡಿ ಇರುವುದು ಸೌದಿ ಜೊತೆ ಮಾತ್ರ. ಅದೂ ಬಂದ್. ಸೂಪರ್‌ಮಾರ್ಕೆಟ್‌ಗೆ ಓಡಿದರೆ ಸೌದಿಯಿಂದ ಬರುತ್ತಿದ್ದ ಹಾಲಿನ ಕಪಾಟು ಖಾಲಿ, ಕೋಳಿಯ ಫ್ರೀಜರ್ ಖಾಲಿ. ಜನ ಟ್ರಾಲಿಯಲ್ಲಿ ಅಕ್ಕಿ ಚೀಲ ಪೇರಿಸಿಕೊಂಡು ಸಾಲಿನಲ್ಲಿ ನಿಂತಿದ್ದರು. ನಮ್ಮ ಮಗಳಿಗೆ ಆಗ ಹಾಲು ಬಿಟ್ಟರೆ ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನನ್ನ ಸಿಟ್ಟಿಗೆ ಮೂಲ ಅದೇ, ಮುಚ್ಚಿಡೋದೇನಿದೆ.

ಕೆಲವೇ ದಿನಗಳಲ್ಲಿ ಟರ್ಕಿಯಿಂದ ವಿಮಾನದಲ್ಲಿ ಹಾಲು ಬಂತು. ಹಣ್ಣು, ತರಕಾರಿ ಬಂದಿದ್ದು ಇರಾನ್‌ನಿಂದ. ಶಿಯಾ ಇರಾನ್‌ನಿಂದ! ದಾರಿ ಮುಚ್ಚಿದ ಸೌದಿ, ಅನ್ನಕ್ಕೆ ಪರದಾಡಿದ ಕತಾರ್ ಎರಡೂ ಸುನ್ನಿಗಳ ಒಂದೇ ಕಟ್ಟುನಿಟ್ಟಿನ ವಹಾಬಿ ಪಂಥದವು. ದೋಹಾದ ದೊಡ್ಡ ಮಸೀದಿಗೆ ಆ ಪಂಥದ ಮೂಲಪುರುಷ ಇಬ್ನ್ ಅಬ್ದುಲ್ ವಹಾಬ್ ಅವರದೇ ಹೆಸರು. ಆ ಹೆಸರು ತೆಗೀರಿ ಅಂತ ಅವರ ಸೌದಿ ವಂಶಸ್ಥರು ಹೇಳಿಕೆ ಬೇರೆ ಕೊಟ್ಟರು. ಸೌದಿಯಲ್ಲಿ ಮೇಯುತ್ತಿದ್ದ ಕತಾರಿಗಳ ಒಂಟೆಗಳನ್ನೂ ಗಡಿಯಾಚೆ ಅಟ್ಟಿದರು. ಪಾಪ, ಒಂಟೆ ಏನು ಮಾಡಿತ್ತೋ!

ಆಮೇಲೆ ಬಂತು 13 ಬೇಡಿಕೆಗಳ ಪಟ್ಟಿ. ನಿಮ್ಮ ಟಿವಿ ಚಾನೆಲ್ ಅಲ್ ಜಝೀರಾ ಮುಚ್ಚಿ, ಟರ್ಕಿ ಸೇನಾ ನೆಲೆ ತೆಗೀರಿ, ಮುಸ್ಲಿಂ ಬ್ರದರ್‌ಹುಡ್ ಸಹವಾಸ ಬಿಡಿ. ಈ ಬ್ರದರ್‌ಹುಡ್ ಕಥೆ ಇನ್ನೂ ಮಜಾ ಇದೆ. ಅದು 1928ರಲ್ಲಿ ಈಜಿಪ್ಟಿನಲ್ಲಿ ಹುಟ್ಟಿದ ಇಸ್ಲಾಮಿಕ್ ರಾಜಕೀಯ ಸಂಘಟನೆ. ಅಲ್ಲಿನ ಅಧ್ಯಕ್ಷ ನಾಸರ್ ಬೆನ್ನುಹತ್ತಿದಾಗ ಓಡಿಬಂದವರಿಗೆ ಮೇಷ್ಟ್ರ ಕೆಲಸ ಕೊಟ್ಟು ಸಾಕಿದ್ದು ಇದೇ ಸೌದಿ. ನಾಸರ್ ಕಂಡರೆ ಸೌದಿ ದೊರೆಗಳಿಗೆ ಆಗುತ್ತಿರಲಿಲ್ಲವಲ್ಲ! 2012ರಲ್ಲಿ ಅದೇ ಬ್ರದರ್‌ಹುಡ್‌ನ ಮೊರ್ಸಿ ವೋಟಿನಲ್ಲಿ ಗೆದ್ದು ಈಜಿಪ್ಟಿನ ಅಧ್ಯಕ್ಷರಾದಾಗ ಮಾತ್ರ ಆ ದೊರೆಗಳಿಗೆ ಎದೆ ಢವಢವ. ಧರ್ಮದ ಹೆಸರಲ್ಲಿ ವೋಟು ಕೇಳಿ ಗೆಲ್ಲಬಹುದು ಅಂದ್ರೆ ರಾಜರ ಗತಿ ಏನು? ಮರುವರ್ಷ ಸೇನೆ ಮೊರ್ಸಿಯನ್ನು ಕೆಳಗಿಳಿಸಿದ್ದೇ ತಡ, ಗಲ್ಫ್‌ನಿಂದ ಕೈರೋಗೆ ದುಡ್ಡಿನ ಹೊಳೆ. 2014ರಲ್ಲಿ ಸೌದಿ ಬ್ರದರ್‌ಹುಡ್ಡನ್ನು ಭಯೋತ್ಪಾದಕ ಪಟ್ಟಿಗೇ ಸೇರಿಸಿತು.

"ಹಾಗಾದ್ರೆ ಸಿದ್ಧಾಂತ ಅನ್ನೋದೆಲ್ಲ ಸುಳ್ಳಾ?" ಅಂತ ಕೇಳುವವರಿದ್ದೀರಿ, ಗೊತ್ತು. ಸುಳ್ಳಲ್ಲ. ಆದರೆ ಅದು ಮನೆಯೊಳಗಿನವರ ಮೇಲೆ ಮಾತ್ರ ನಡೆಯುತ್ತದೆ. ಅಫ್ಘಾನಿಸ್ತಾನ ಆಳುವ ತಾಲಿಬಾನ್ ನೋಡಿ. ಗಡಿಯಲ್ಲಿ ಪಾಕಿಸ್ತಾನದ ಜೊತೆ ಗುಂಡಿನ ಚಕಮಕಿ. ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದ ಮುಸ್ಲಿಮರ ವಿಷಯಕ್ಕೆ ಮಾತ್ರ ಬಾಯಿಗೆ ಬೀಗ, ಚೀನಾ ಬೇಕಲ್ಲ! 2025ರ ಅಕ್ಟೋಬರ್‌ನಲ್ಲಿ ಅವರ ವಿದೇಶಾಂಗ ಮಂತ್ರಿ ಮುತ್ತಾಕಿ ದೆಹಲಿಗೂ ಬಂದರು. ಮೊದಲ ಪತ್ರಿಕಾಗೋಷ್ಠಿಯಲ್ಲಿ ಒಬ್ಬ ಪತ್ರಕರ್ತೆಯೂ ಇರಲಿಲ್ಲ. ಗಲಾಟೆ ಆಯ್ತು. ಎರಡು ದಿನಕ್ಕೆ ಇನ್ನೊಂದು ಗೋಷ್ಠಿ ಕರೆದರು, ಹೆಂಗಸರು ಮುಂದಿನ ಸಾಲಿನಲ್ಲೇ ಕೂತು ಪ್ರಶ್ನೆ ಕೇಳಿದರು. ದೆಹಲಿಯಲ್ಲಿ ಎರಡೇ ದಿನಕ್ಕೆ ಸಡಿಲವಾದ ಕಟ್ಟುಪಾಡು, ಆರನೇ ಕ್ಲಾಸು ದಾಟಿದ ಕಾಬೂಲಿನ ಹುಡುಗಿಯರಿಗೆ 2021ರಿಂದ ಒಂದಿಂಚೂ ಸಡಿಲವಾಗಿಲ್ಲ.