ನಾನು ಕಳಿಸಿದ ರ‍್ಯಾಂಕಿಂಗ್ ಮೆಸೇಜ್ ತಪ್ಪು

ಸಿಇಟಿ ಆದಮೇಲೆ ಕಾಲೇಜು ಆರಿಸುವ ಆಪ್ಷನ್ ಎಂಟ್ರಿ ಗಡಿಬಿಡಿಯಲ್ಲಿ, ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್ ಬಗ್ಗೆ ನಾನೊಂದು ಮೆಸೇಜ್ ಫಾರ್ವರ್ಡ್ ಮಾಡಿದ್ದೆ. 'ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಮೇಲಿರುವ ಕಾಲೇಜು ಅಂದರೆ ಅತಿ ದೊಡ್ಡ ಪ್ಯಾಕೇಜ್ ಕೊಡಿಸಿದ ಕಾಲೇಜು' ಅಂತ ಅದರಲ್ಲಿತ್ತು. ಅದು ತಪ್ಪು. ಓದಿ ನೋಡದೆ ಸುಮ್ನೆ ಕಳಿಸಿಬಿಟ್ಟೆ.

ಎಂಜಿನಿಯರಿಂಗ್ ಪಟ್ಟಿಯ ಲೆಕ್ಕದ ವಿಧಾನವನ್ನು ಎನ್‌ಐಆರ್‌ಎಫ್ ವೆಬ್‌ಸೈಟಿನಲ್ಲೇ ಹಾಕಿದ್ದಾರೆ. 100ರಲ್ಲಿ ಪಾಠ ಮತ್ತು ಸೌಲಭ್ಯಗಳಿಗೆ 30, ಸಂಶೋಧನೆಗೆ 30, ಓದು ಮುಗಿಸಿದವರು ಏನಾದರು ಎಂಬುದಕ್ಕೆ 20. ಎಲ್ಲ ಬಗೆಯ ವಿದ್ಯಾರ್ಥಿಗಳಿಗೂ ಜಾಗವಿದೆಯೇ ಎಂಬುದಕ್ಕೆ 10, ಹೊರಗಿನವರ ಅಭಿಪ್ರಾಯಕ್ಕೆ 10. ಸಂಬಳದ ಲೆಕ್ಕ ಬರುವುದು ಆ 20ರೊಳಗೆ, ಅದೂ 5 ಅಂಕ ಅಷ್ಟೇ.

ಅಲ್ಲಿ ನೋಡುವುದೂ ಅತಿ ದೊಡ್ಡ ಸಂಬಳವನ್ನಲ್ಲ, ನಡುವಿನ ಸಂಬಳವನ್ನು. ಐದು ಜನರಿಗೆ 3, 4, 5, 6 ಮತ್ತು 50 ಲಕ್ಷ ಸಿಕ್ಕಿತು ಅನ್ನಿ. ಸರಾಸರಿ 13.6 ಲಕ್ಷ. ಸಾಲಾಗಿ ಜೋಡಿಸಿದರೆ ನಡುವೆ ನಿಲ್ಲುವುದು 5 ಲಕ್ಷ. ಲೆಕ್ಕಕ್ಕೆ ಬರುವುದು ಈ 5. ಕಾಲೇಜಿನ ಫ್ಲೆಕ್ಸ್‌ನಲ್ಲಿ ಕಾಣುವುದು ಮಾತ್ರ ಆ 50, ಅಲ್ವಾ?

ಈ ವಿಧಾನದ ಬಗ್ಗೆ ನನಗೂ ತಕರಾರಿದೆ. ಅಭಿಪ್ರಾಯದ 10 ಅಂಕ ಮೊದಲೇ ಹೆಸರು ಮಾಡಿದವರಿಗೇ ಜಾಸ್ತಿ ಸಿಗುತ್ತದೆ ಅನಿಸುತ್ತದೆ. ಬಿ.ಇ. ಸೇರುವ ಹುಡುಗಿಗೆ ಸಂಶೋಧನೆಯ 30ರಿಂದ ಎಷ್ಟು ಉಪಯೋಗವೋ! ಅದು ಬೇರೆ ಚರ್ಚೆ ಬಿಡಿ.

ಪಟ್ಟಿಗೆ ಕೊಟ್ಟ ಅಂಕಿಅಂಶಗಳನ್ನು ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲೂ ಹಾಕಬೇಕು. ನಡುವಿನ ಸಂಬಳ ಅಲ್ಲೇ ಇರುತ್ತದೆ, ನೋಡಿಕೊಳ್ಳಿ. ನನ್ನ ಹಳೆಯ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಆ ಗುಂಪಿಗೆ ಇದನ್ನೂ ಹಾಕಿ.